ಅರಳಿಗಟ್ಟಿಯ ಗಲ್ಲಕ್ಕೊಂದು ದೃಷ್ಟಿಬೊಟ್ಟು

ದ್ಯಾಮವ್ವನ ಎಮ್ಮೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಲು ಮಾತ್ರ ಬೆಳ್ಳಗೇ ಇತ್ತು. ವಿಜ್ಞಾನಕ್ಕೂ ಒಂದು ಮರ್ಯಾದೆ ಇರುತ್ತದೆ.

ನಂಬದವರು ಅರಳಿಗಟ್ಟಿಗೆ ಬಂದು ನೋಡಬಹುದು. ಗದಗಿನಿಂದ ಬಸ್ಸಿದೆ. ಯಾವ ಬಣ್ಣದ ಬಸ್ಸು ಎಂದು ಮಾತ್ರ ಕೇಳಬೇಡಿ. ಅವತ್ತು ಬೆಳಿಗ್ಗೆ ನಾವು ಅದಕ್ಕೆ ಏನು ಹೇಳಿರುತ್ತೇವೋ ಆ ಬಣ್ಣ.

ಆದದ್ದು ಇಷ್ಟು. ಬಣ್ಣಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯವರು 'ಮಾತುಕೇಳುವ ಬಣ್ಣ' ಎಂಬುದನ್ನು ಕಂಡುಹಿಡಿದರು. ಒಂದು ಸಲ ಗೋಡೆಗೆ ಬಳಿದರೆ ಮುಗಿಯಿತು, ಆಮೇಲೆ ಗಾಳಿಯಲ್ಲೇ ಸುದ್ದಿ ಕಳಿಸಿ ಅದನ್ನು ಹಸಿರು ಮಾಡಬಹುದು, ಹಳದಿ ಮಾಡಬಹುದು, ಅದರ ಮೇಲೆ ಅಕ್ಷರ ಮೂಡಿಸಬಹುದು. ಒಂದು ಇಡೀ ಊರಿಗೆ ಬಳಿದು ನೋಡಬೇಕಿತ್ತು. ಸುತ್ತಲಿನ ಊರುಗಳೆಲ್ಲ ಹೆದರಿ ಬೇಡವೆಂದವು. ನಮ್ಮ ಪುರಸಭೆಯ ಅಧ್ಯಕ್ಷ ಬಾಬಾಜಾನ ಮನಿಯಾರ ಸಾಹೇಬರು ಒಂದೇ ಪ್ರಶ್ನೆ ಕೇಳಿದರು.

"ಪುಕ್ಕಟೇನ್ರಿ?"

"ಪುಕ್ಕಟೆ."

"ಹಂಗಾರ ಒಳಗೂ ಹಚ್ರಿ, ಹೊರಗೂ ಹಚ್ರಿ."

ಮನೆ, ಅಂಗಡಿ, ಸಾಲಿ, ನೀರಿನ ಟಾಕಿ, ಬಸ್ಸು, ಅಧ್ಯಕ್ಷರ ಕಾರು, ಯಾವುದನ್ನೂ ಬಿಡಲಿಲ್ಲ. ಎಮ್ಮೆಯನ್ನು ಯಾರೂ ಬೇಕೆಂದು ಬಳಿಯಲಿಲ್ಲ. ಮೈ ತುರಿಸಿತೆಂದು ಅದು ತಾನಾಗಿ ಡೇರಿಯ ಹಸಿ ಗೋಡೆಗೆ ಎರಡೂ ಕಡೆ ಮೈ ತಿಕ್ಕಿತು. ಸಾಲದ್ದಕ್ಕೆ ಕೆಳಗಿದ್ದ ಬಕೆಟ್ಟಿಗೆ ಮುಖವನ್ನೂ ಹಾಕಿತು. ಕಂಪ್ಯೂಟರಿನಲ್ಲಿ ಎಮ್ಮೆ ಎಂಬ ಜಾತಿಗೆ ಜಾಗವಿರಲಿಲ್ಲವಾದ್ದರಿಂದ ನಾನು ಅದನ್ನು 'ಅಂಗಡಿ ಗೋಡೆ, ಕೆಲವೊಮ್ಮೆ ನಡೆದಾಡುತ್ತದೆ' ಎಂದು ಸೇರಿಸಿದೆ.

ನಾನು ಫಕೀರಪ್ಪ ಗುಗ್ಗರಿ. ನನ್ನ ಕೆಲಸ ಫ್ರಂಟ್-ಎಂಡ್, ಅಂದರೆ ವೆಬ್‌ಸೈಟಿನ ಮುಖ. ಹಿಂದುಗಡೆ ಹೊಟ್ಟೆಯಲ್ಲಿ ಏನು ನಡೆಯುತ್ತದೋ ನನಗೆ ತಿಳಿಯದು, ಮುಖ ತೊಳೆದು ಪೌಡರ್ ಹಚ್ಚುವುದಷ್ಟೇ ನನ್ನ ಉದ್ಯೋಗ. ಸಂಸ್ಥೆಯವರು ಅರಳಿಗಟ್ಟಿಗೆಂದೇ ಒಂದು ವೆಬ್ ಪೇಜು ಮಾಡಿಸಿದರು. ಅದರಲ್ಲಿ ಊರಿನ ಪ್ರತಿ ಗೋಡೆಯೂ ಇತ್ತು. ಪೇಜಿನಲ್ಲಿ ಗೋಡೆ ಹೇಗೆ ಕಾಣುತ್ತದೋ ಓಣಿಯಲ್ಲೂ ಹಾಗೇ ಆಗಬೇಕು. ಪೇಜಿಗೆ ಬಣ್ಣ ಎಲ್ಲಿಂದ ಬರುತ್ತಿತ್ತೆಂದರೆ ಶಾಲ್ಮಲಾ ಹಾದಿಮನಿಯ ಡಿಸೈನ್ ಟೂಲಿನಿಂದ.

ಶಾಲ್ಮಲಾ ನಮ್ಮೂರ ಹುಡುಗಿಯೇ. ಜಾಣೆ. ಅವಳು ಎಲ್ಲೂ ನೇರವಾಗಿ 'ಹಳದಿ' ಎಂದು ಬರೆಯುತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳಂತೆ ಹೆಸರು ಅಂಟಿಸಿ ಇಟ್ಟಿದ್ದಳು. 'ಅಂಗಡಿ ಮುಖ' ಎಂದೊಂದು ಡಬ್ಬಿ, ಒಳಗೆ ಇವತ್ತು ಅರಿಶಿನ. ಊರಿನ ಅಂಗಡಿಗಳಿಗೆ ಡಬ್ಬಿಯ ಹೆಸರು ಮಾತ್ರ ಗೊತ್ತು, ಒಳಗೇನಿದೆ ಎಂಬ ಉಸಾಬರಿ ಅವಕ್ಕಿಲ್ಲ. ನಾಳೆ ಅವಳು ಅದೇ ಡಬ್ಬಿಗೆ ಗುಲಾಬಿ ತುಂಬಿದರೆ ಅಂಗಡಿಗಳೆಲ್ಲ ಗುಲಾಬಿ, ದ್ಯಾಮವ್ವನ ಎಮ್ಮೆಯೂ ಗುಲಾಬಿ. ಈ ಡಬ್ಬಿಗೆ ನಮ್ಮ ಕಸುಬಿನಲ್ಲಿ ವೇರಿಯಬಲ್ ಎನ್ನುತ್ತಾರೆ. ಅವಳ ಡಬ್ಬಿಯಿಂದ ಪೇಜಿಗೆ ಕೊಳವೆ ಜೋಡಿಸಿದವನು ನಾನು. ಡಬ್ಬಿಗಳಿಗೆಲ್ಲ ಒಂದು ತಾಯಿಡಬ್ಬಿ ಇತ್ತು. ಅದರೊಳಗೆ ಏನು ಬಿದ್ದರೂ ಊರಿಗೆಲ್ಲ ಬೀಳುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ.

ಊರಿನವರು ಇದಕ್ಕೆ ಎಷ್ಟು ಬೇಗ ಹೊಂದಿಕೊಂಡರೆಂದರೆ ನಮಗೇ ನಾಚಿಕೆಯಾಯಿತು. ಮನೆಯೊಳಗಿನ ಗೋಡೆಯನ್ನು ಅವರವರ ಫೋನಿನಿಂದಲೇ ಬದಲಿಸಬಹುದಿತ್ತು. ಹೆಣ್ಣುಮಕ್ಕಳು ಸೀರೆಗೆ ಹೊಂದುವ ಬ್ಲೌಸು ಹುಡುಕುವುದನ್ನು ಬಿಟ್ಟು ಸೀರೆಗೆ ಹೊಂದುವ ಪಡಸಾಲೆ ಮಾಡಿಕೊಂಡರು. ಅಗಸಿ ಓಣಿಯ ಒಂದು ಮನೆಯಲ್ಲಿ ಅತ್ತೆ ಹಸಿರು ಮಾಡುವುದು, ಸೊಸೆ ನೀಲಿ ಮಾಡುವುದು ನಡೆದೇ ಇತ್ತು. ಆ ಮನೆಯ ಗಂಡಸು ಹೊಲದಿಂದ ಬಂದು ತನ್ನ ಮನೆ ಗುರುತಾಗದೆ ಪಕ್ಕದ ಮನೆಯಲ್ಲಿ ಕಾಲು ತೊಳೆದು ಊಟಕ್ಕೆ ಕುಳಿತ. ಅವರು ಬಡಿಸಿದರು ಕೂಡ.

ತೊಂದರೆ ಒಂದೇ. ಈ ಬಣ್ಣಕ್ಕೆ ಮರೆವು.

ಬಣ್ಣದೊಳಗೆ ಸಣ್ಣ ಸಣ್ಣ ಕಾಳುಗಳಿರುತ್ತವೆ. ಒಂದೊಂದೂ ಸಾಸಿವೆಯ ಮುಂದೆ ಇಟ್ಟರೆ ಆನೆಯ ಮುಂದಿನ ಇರುವೆಯಷ್ಟು. ಅಷ್ಟು ಸಣ್ಣ ತಲೆಯಲ್ಲಿ ನೆನಪು ಎಷ್ಟು ನಿಂತೀತು? ಬೆಳಿಗ್ಗೆ ನಾವು ಹೇಳಿದ್ದನ್ನು ಮರೆತಾಗ ಕಾಳು ಪಕ್ಕದ ಕಾಳನ್ನು ಕೇಳುತ್ತದೆ: "ನಮ್ದು ಯಾವ ಬಣ್ಣ ಇತ್ತ?" ಅದು ಅಂದಾಜಿನಲ್ಲಿ ಏನೋ ಒಂದು ಹೇಳುತ್ತದೆ. ಬಜಾರಿನಲ್ಲಿ 'ಶಂಕ್ರವ್ವಗ ನೆಗಡಿ' ಎಂದದ್ದು ಊರಬಾಗಿಲ ಅಗಸಿ ಮುಟ್ಟುವಷ್ಟರಲ್ಲಿ 'ಶಂಕ್ರವ್ವನ ಮದುವಿ' ಆಗುವುದಿಲ್ಲವೇ, ಹಾಗೆ. ಬೆಳಗಿನ ಅರಿಶಿನ ಮಧ್ಯಾಹ್ನದೊಳಗೆ ಸಾಸಿವೆಯಾಗಿ, ಸಾಸಿವೆ ಸಗಣಿಯಾಗಿ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಎಮ್ಮೆಯ ಗತಿ. ಅದರ ಬಾಲದ ಕಾಳುಗಳಿಗೂ ಕೊಂಬಿನ ಕಾಳುಗಳಿಗೂ ಎಂದೂ ಒಮ್ಮತವಿರಲಿಲ್ಲ. ಒಂಟಿಯಾಗಿ ಮೇಯಲು ಹೋದದ್ದು ಮಧ್ಯಾಹ್ನ ಕೊಳೆತ ಬದನೆಕಾಯಿಯ ಬಣ್ಣದಲ್ಲಿ ಬರುತ್ತಿತ್ತು. ದ್ಯಾಮವ್ವ ದಿನಾ ನನ್ನ ಕಿಟಕಿಯ ಕೆಳಗೆ ನಿಂತು ನನ್ನ ವಂಶವನ್ನು ಸ್ಮರಿಸುತ್ತಿದ್ದಳು. ನಾನು ದಿನಾ ಮಧ್ಯಾಹ್ನ ಪೇಜಿನಿಂದ ಬಣ್ಣವನ್ನು ಮತ್ತೊಮ್ಮೆ ಕಳಿಸಿ ಊರಿನ ಮಾನ ಕಾಪಾಡುತ್ತಿದ್ದೆ.

ಸಂಸ್ಥೆಯವರ ಕರಾರು ಇದೇ ಆಗಿತ್ತು. ಕೊನೆಯ ಪರೀಕ್ಷೆಯ ದಿನ ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಯಾರೂ ಕೈ ಹಚ್ಚಬಾರದು, ಬಣ್ಣ ತಾನೇ ನಿಲ್ಲಬೇಕು. ನಿಂತರೆ ಬಣ್ಣ ಊರಿಗೆ, ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ ಶಾಲ್ಮಲಾಗೆ. ನಿಲ್ಲದಿದ್ದರೆ ಬಣ್ಣವನ್ನು ಮಲಗಿಸಿಬಿಡುತ್ತಾರೆ. ಮಲಗಿದ ಬಣ್ಣ ಬೂದಿಯಂತಿರುತ್ತದೆ. ಅದರ ಮೇಲೆ ಸುಣ್ಣ ನಿಲ್ಲದು, ಡಿಸ್ಟೆಂಪರ್ ನಿಲ್ಲದು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಬೀಳುತ್ತದೆ. ಅಂದರೆ ಅರಳಿಗಟ್ಟಿ ಕಾಯಂ ಬೂದಿ. ಮನೆಮನೆಗೆ ಹೋಗಿ "ಹಚ್ಚಿಸ್ಕೊಳ್ರಿ ಯವ್ವಾ, ನಾ ಅದೀನಿ" ಎಂದು ಒಪ್ಪಿಸಿದವಳು ಶಾಲ್ಮಲಾ. ಅದಕ್ಕೇ ಪರೀಕ್ಷೆ ಹತ್ತಿರ ಬಂದಂತೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನನಗೆ ಸೇರುತ್ತಿತ್ತು. ಒಬ್ಬರಾದರೂ ಗಟ್ಟಿಯಾಗಿರಬೇಕಲ್ಲ.

ನಮ್ಮ ಕಂಟ್ರೋಲ್ ರೂಮು ಹಳೇ ಅರಳೆ ಮಿಲ್ಲಿನ ಮಹಡಿಯಲ್ಲಿತ್ತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಶಾಲ್ಮಲಾ ತಾಯಿಡಬ್ಬಿಯನ್ನು ತೆರೆದು ಕೊನೆಯ ಬಾರಿ ತಿದ್ದುತ್ತಿದ್ದಳು. ಗೋಡೆಯಷ್ಟು ದೊಡ್ಡ ಸ್ಕ್ರೀನು, ಬೆರಳಿನಿಂದಲೇ ಬರೆಯುವಂಥದ್ದು.

"ಗುಗ್ಗರಿ ಮಾಮಾ, ಸಾಲಿ ನೀಲಿ ಸ್ವಲ್ಪ ಜಾಸ್ತಿ ಆತೇನು?"

"ಹುಡುಗ್ರು ಒಳಗ ಕುಂತಿರ್ತಾವವ್ವಾ. ಅವಕ್ಕ ಹೊರಗಿನ ನೀಲಿ ಎಲ್ಲಿ ಕಾಣತೈತಿ?"

"ನಿನ್ನ ಕೇಳಿದ್ದ ನನ್ನ ತಪ್ಪು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಶಾಲ್ಮಲಾಳ ಅಜ್ಜಿ ನೀಲಗಂಗವ್ವ ಬುತ್ತಿ ಹಿಡಿದು ಬಂದಿದ್ದರು. ಊರಿಗೆಲ್ಲ ಅವರು ಆಯಿ.

"ಮಿಲ್ಲು ಕಟ್ಟಿದಾಂವಗ ಅವ್ವ ಇರಲಿಲ್ಲೇನು? ಇಂಥಾ ಮೆಟ್ಲ ಯಾರರ ಕಟ್ಟಸ್ತಾರೇನು? ಏಳ್ರಿ, ರೊಟ್ಟಿ ಬಿಸಿ ಅದಾವು. ಕೈ ತೊಳಕೊಂಬರ್ರಿ."

ಆಯಿಯ ಬಗ್ಗೆ ಒಂದು ಮಾತು ಹೇಳಬೇಕು. ಚೆಂದದ್ದು ಕಂಡರೆ ಅವರಿಗೆ ಕೈ ಸುಮ್ಮನಿರದು. ಕಣ್ಣಂಚಿನ ಕಾಡಿಗೆಯನ್ನು ಹೆಬ್ಬೆರಳಿಗೆ ತೆಗೆದು ಒಂದು ಬೊಟ್ಟು ಇಟ್ಟುಬಿಡುತ್ತಾರೆ. ಕೂಸಿನ ಗಲ್ಲಕ್ಕಷ್ಟೇ ಅಲ್ಲ. ಅವರ ಮನೆಯ ಫ್ರಿಜ್ಜಿಗೆ ಬೊಟ್ಟಿದೆ, ಕುಕ್ಕರಿಗಿದೆ, ಶಾಲ್ಮಲಾಳ ಸ್ಕೂಟರಿಗಿದೆ. ಹೊಸ ಮಿಕ್ಸರ್ ಕೆಟ್ಟಾಗ, "ಬೊಟ್ಟ ಇಡೂದು ಮರತಿದ್ದೆ" ಎಂದು ತಾವೇ ತಪ್ಪು ಹೊತ್ತುಕೊಂಡರು. ಕಂಪನಿಯವನಿಗೆ ಅದೇ ಸಮಾಧಾನವಾಯಿತು.

ನಾವಿಬ್ಬರೂ ಕೈ ತೊಳೆಯಲು ಕೆಳಗಿನ ನಲ್ಲಿಗೆ ಹೋದೆವು. ಆಯಿ ಸ್ಕ್ರೀನಿನ ಮುಂದೆ ಒಬ್ಬರೇ ನಿಂತರು. ಇಡೀ ಅರಳಿಗಟ್ಟಿ ಅಲ್ಲಿತ್ತು. ಅಗಸೆ ಹೂವಿನ ನೀಲಿಯ ಸಾಲಿ, ಕುಸುಬೆ ಹೂವಿನ ಬಣ್ಣದ ಬಜಾರು, ಎಳೆ ಕಡಲೆಯ ಹಸಿರಿನ ಮನೆಗಳ ಸಾಲು. ಆ ಹೊತ್ತಿನಲ್ಲಿ ಅವರು ಆಡಿದ ಮಾತು ಮೆಟ್ಟಿಲ ಕೆಳಗಿದ್ದ ನಮಗೂ ಕೇಳಿಸಿತು.

"ಇಷ್ಟು ಚಂದ ಇರಬಾರದವಾ ಊರು."

ನಾವು ಮೇಲೆ ಬಂದಾಗ ಸ್ಕ್ರೀನಿನ ಎಡಗಡೆ, ಕೆಳಗೆ, ಕಾಡಿಗೆ ಬಳಿದಿತ್ತು.

"ಆಯಿ! ಏನಿದು, ಸ್ಕ್ರೀನಿಗೆ?"

"ಏನಿಲ್ಲ ಬಿಡು. ಉಣ್ಣು."

ಶಾಲ್ಮಲಾ ಓಡಣಿಯ ತುದಿಯಿಂದ ಒರೆಸಿದಳು. ಗಾಜಿನ ಮೇಲಿನ ಕಾಡಿಗೆ ಹೋಯಿತು. ಆದರೆ ಆಯಿಯ ಹೆಬ್ಬೆರಳು ಒತ್ತಿದಾಗ ಸ್ಕ್ರೀನು ತನ್ನ ಧರ್ಮದಂತೆ ಅಲ್ಲೊಂದು ಕಪ್ಪು ಬೊಟ್ಟನ್ನು ಬರೆದುಕೊಂಡಿತ್ತು. ಬೊಟ್ಟು ಸಣ್ಣದು, ಊರು ದೊಡ್ಡದು, ಎಣ್ಣೆಗಾಯಿ ಬಿಸಿ. ನಾವು ನೋಡಲಿಲ್ಲ. ಬೆಳಕು ಹರಿಯುವಾಗ ತಾನೇ ಊರಿಗೆ ಹೋಗುವಂತೆ ಪಬ್ಲಿಷ್ ಹಚ್ಚಿಟ್ಟು ಮನೆಗೆ ಹೋದೆವು. ಪಬ್ಲಿಷ್ ಎಂದರೆ ನಮ್ಮಲ್ಲಿ ಡಂಗುರ ಸಾರಿದಂತೆ.

ಬೆಳಿಗ್ಗೆ ಮೊದಲು ಬಂದದ್ದು ಅಧ್ಯಕ್ಷರ ಫೋನು.

"ಏ ಗುಗ್ಗರಿ, ನನ್ನ ಕಾರಿನ ಗಲ್ಲಕ್ಕ ಏನೋ ಆಗೇತೋ!"

"ಕಾರಿಗೆ ಗಲ್ಲ ಎಲ್ಲಿಂದ ಬಂತ್ರಿ ಸಾಹೇಬ್ರ?"

"ಮುಂದ, ಎಡಗಡೆ ಲೈಟಿನ ಕೆಳಗ. ಕರಿ ಬೊಟ್ಟು. ನಿನ್ನೆ ತೊಳಸೀನಿ ಮಾರಾಯಾ!"

ಹೊರಗೆ ಬಂದು ನೋಡಿದೆ. ನನ್ನ ಮನೆಗೆ ಬೊಟ್ಟು. ಎದುರು ಮನೆಗೆ ಬೊಟ್ಟು. ಚಹಾದಂಗಡಿಯ ಬೋರ್ಡಿಗೆ ವಡೆಯಷ್ಟು, ಬಸ್ಸಿಗೆ ಊಟದ ತಟ್ಟೆಯಷ್ಟು, ನೀರಿನ ಟಾಕಿಗೆ ಬಂಡಿಯ ಗಾಲಿಯಷ್ಟು. ಎಲ್ಲವೂ ಎಡಗಡೆ, ಎಲ್ಲವೂ ಕೆಳಗೆ, ಎಲ್ಲವೂ ತುಸು ಸೊಟ್ಟ. ದ್ಯಾಮವ್ವ ಎಮ್ಮೆಯನ್ನು ಹಳ್ಳದ ಕಡೆ ಹೊಡೆದುಕೊಂಡು ಹೊರಟಿದ್ದಳು. ಊರಿಗೆಲ್ಲ ನಿಜವಾದ ಗಲ್ಲ ಇದ್ದದ್ದು ಅದಕ್ಕೊಂದಕ್ಕೇ. ಅದರ ಮುಖದ ಮೇಲೆ ಬೊಟ್ಟು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಾನೂ ಒಂದು ಕ್ಷಣ ನಿಂತು ನೋಡಿದೆ.

"ಇವತ್ತ ಒಂದಿನಾ ಚೊಲೋ ಕೆಲಸಾ ಮಾಡೀರಿ ನೋಡು" ಎಂದಳು ದ್ಯಾಮವ್ವ. ಊರಿನ ಹೆಂಗಸರ ಅಭಿಪ್ರಾಯವೂ ಅದೇ ಆಗಿತ್ತು. ಗಂಡಸರು ಇದು ಸರಕಾರದ ಹೊಸ ಕಾನೂನೆಂದು ತಿಳಿದು ಸುಮ್ಮನಿದ್ದರು.

ಶಾಲ್ಮಲಾ ಮಿಲ್ಲಿನ ಅಂಗಳದಲ್ಲಿ ನಿಂತು ತನ್ನ ಊರನ್ನು ನೋಡಿದಳು. ಒಂದೇ ಶಬ್ದ ಹೊರಬಂತು.

"ಆಯಿ!"

ಅಷ್ಟರಲ್ಲಿ ಸಂಸ್ಥೆಯ ಜೀಪು ಬಂತು. ಇಳಿದವರು ಡಾಕ್ಟರ್ ರೋಹಿಣಿ ಇನಾಂದಾರ. ಈ ಬಣ್ಣವನ್ನು ಮಾಡಿದವರಲ್ಲಿ ಒಬ್ಬರು, ಧಾರವಾಡದವರು. ಇಸ್ತ್ರಿ ಮಾಡಿದ ಸೀರೆಯ ನೆರಿಗೆ ಅಳತೆಪಟ್ಟಿ ಹಿಡಿದು ಮಡಿಸಿದಂತಿತ್ತು. ಕೈಯಲ್ಲಿ ಬಣ್ಣ ಅಳೆಯುವ ಯಂತ್ರ. ಊರನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು.

"ಏನ್ರೀ ಇದು? ಊರಿಗೆಲ್ಲಾ ನೊಣಾ ಕೂತಂಗ ಕಾಣಸ್ತದ."

"ಮೇಡಮ್, ನಮ್ಮ ಆಯಿ... ಅಂದ್ರ, ಒಂದು ಸಣ್ಣ ತಪ್ಪಾಗೇತ್ರಿ."

"ತಗದಬಿಡ್ರಿ. ಆಮ್ಯಾಲೆ ಪರೀಕ್ಷಾ ಶುರು. ಶುರು ಆದಮ್ಯಾಲೆ ಯಾರೂ ಕೈ ಹಚ್ಚೂಹಂಗಿಲ್ಲ."

ಶಾಲ್ಮಲಾ ತಾಯಿಡಬ್ಬಿಯಿಂದ ಬೊಟ್ಟನ್ನು ಅಳಿಸಿದಳು. ಊರಿನ ಗಲ್ಲಗಳು ಒಟ್ಟಿಗೇ ಸ್ವಚ್ಛವಾದವು. ಇನಾಂದಾರ ಮೇಡಮ್ ನನ್ನ ಮುಖ ನೋಡಿದರು, ಏನನ್ನಿಸಿತೋ, ಕಂಪ್ಯೂಟರಿನ ಮೌಸನ್ನು ಕಿತ್ತು ತಮ್ಮ ಪರ್ಸಿನಲ್ಲಿ ಹಾಕಿಕೊಂಡರು.

ಬಣ್ಣ ತನ್ನ ಹಳೇ ಚಾಳಿಯನ್ನು ಬಿಡಲಿಲ್ಲ. ಬಜಾರಿನ ಕುಸುಬೆ ಬಣ್ಣ ಹೊತ್ತೇರುವುದರೊಳಗೆ ಸಾಸಿವೆಯ ಕಡೆ ವಾಲಿತು. ಸಾಲಿಯ ನೀಲಿ ಪಾಚಿಗಟ್ಟಿತು. ಟಾಕಿಯ ಮೇಲ್ಭಾಗ ಒಂದು ಹೇಳಿದರೆ ಕೆಳಭಾಗ ಒಂದು ಹೇಳಿ ನಡುವೆ ಯಾರಿಗೂ ಬೇಡದ ಬಣ್ಣವೊಂದು ಹುಟ್ಟಿತು. ಮೇಡಮ್ ಗೋಡೆಯಿಂದ ಗೋಡೆಗೆ ಹೋಗಿ ಯಂತ್ರ ಹಿಡಿಯುತ್ತಿದ್ದರು. ಅಂಕಿ ಬರೆದುಕೊಂಡು ಮುಂದಿನ ಗೋಡೆಗೆ ನಡೆಯುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಊಟದ ಹೊತ್ತಿಗೆ ಶಾಲ್ಮಲಾ ಮನೆಗೆ ನಡೆದಳು. ಕಷ್ಟದಲ್ಲಿದ್ದವರ ಜೊತೆಗಿರಬೇಕೆಂದು ನಾನೂ ಹೋದೆ. ಆಯಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದರು. ಮೇಡಮ್ ಆಡಿದ ನೊಣದ ಮಾತು ಆಗಲೇ ಅವರ ಕಿವಿ ಮುಟ್ಟಿತ್ತು. ರೊಟ್ಟಿ ಬಡಿಯುವ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು.

"ಕೂಸಿನ ಗಲ್ಲದ ಬೊಟ್ಟು ಯಾರರ ಒರಸ್ತಾರೇನು? ಮುಂಜಾನೆದ್ದು ಗ್ವಾಡಿ ಮ್ಯಾಲ ನೋಡಿ ಎಷ್ಟ ಖುಷಿ ಆಗಿತ್ತು ನನಗ. ರೊಟ್ಟಿ ಬಡಿಯೂದ್ರಾಗ ಒರಸ್ಯಾಳ, ಖೋಡಿ."

"ಆಯಿ, ಸುಮ್ನಿರು."

"ನಾ ಯಾಕ ಸುಮ್ನಿರ್ಲಿ? ನಿನ್ನ ಗಲ್ಲಕ್ಕ ಹಚ್ಚಿ ಹಚ್ಚಿ ಬೆಳಿಸೀನಿ. ಅವಾಗೇನ್ ನೊಣಾ ಕೂತಂಗ ಕಂಡೇನು?"

ಶಾಲ್ಮಲಾಳ ದನಿ ಸಣ್ಣದಾಯಿತು. "ಸಂಜಿಗೆ ಊರು ಬೂದಿ ಆಗತೈತಿ ಆಯಿ. ನಾನ ಮನಿಮನಿಗೆ ಹೋಗಿ ಹಚ್ಚಿಸ್ಕೊಳ್ರಿ ಅಂದಿದ್ದು. ನಾಳೆ ಯಾರ ಮಾರಿ ನೋಡ್ಲಿ?"

ರೊಟ್ಟಿಯ ಸದ್ದು ನಿಂತಿತು. ಆಯಿ ಈ ಕಡೆ ತಿರುಗಿ, ಮೊಮ್ಮಗಳ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು. ಆಮೇಲೆ ಇನ್ನಷ್ಟು ಇಟ್ಟರು. ನನ್ನ ರೊಟ್ಟಿಗೆ ಇಡಲಿಲ್ಲ. ಅದನ್ನು ನಾನು ಆಗ ಎತ್ತಿ ಆಡಲಿಲ್ಲ.

ಆಗ ಬಾಗಿಲ ಮುಂದೆ ದ್ಯಾಮವ್ವನ ಎಮ್ಮೆ ಹಾದುಹೋಯಿತು.

ಅದು ಮೇಯುವ ಹಳ್ಳ ಗುಡ್ಡದ ಹಿಂದಿದೆ. ಅಲ್ಲಿಗೆ ನಮ್ಮ ಸುದ್ದಿ ತಲುಪುವುದಿಲ್ಲ. ಬೊಟ್ಟು ಅಳಿಸಿದ ಸುದ್ದಿಯೂ ತಲುಪಿರಲಿಲ್ಲ. ಊರೊಳಗೆ ಬಂದರೂ ಎಮ್ಮೆಗೆ ಅದು ಮುಟ್ಟುವುದು ಮತ್ತೆ ಪಬ್ಲಿಷ್ ಮಾಡಿದಾಗಲೇ. ಗಲ್ಲದ ಮೇಲೆ ಆಯಿಯ ಬೊಟ್ಟು ಹಾಗೇ ಇತ್ತು. ಮೈ ಮಾತ್ರ...

ಶಾಲ್ಮಲಾ ರೊಟ್ಟಿ ಹಿಡಿದುಕೊಂಡೇ ಎದ್ದಳು. "ಮಾಮಾ! ಎಮ್ಮಿ ನೋಡು!"

ಬೆಳಿಗ್ಗೆಯ ಕುಸುಬೆ ಹೂವಿನ ಬಣ್ಣ, ತೊಳೆದಿಟ್ಟಂತೆ. ಅಂಗಡಿಗಳದ್ದೂ ಎಮ್ಮೆಯದ್ದೂ ಒಂದೇ ಡಬ್ಬಿ. ಆದರೆ ಪಕ್ಕದ ಕಿರಾಣಿ ಅಂಗಡಿ ಸಗಣಿ ಸಾರಿಸಿದಂತೆ ನಿಂತಿತ್ತು, ಎಮ್ಮೆ ಮದುಮಗಳಂತೆ ಹೊರಟಿತ್ತು. ಶಾಲ್ಮಲಾ ಓಡಿಹೋಗಿ ಅದರ ಕೊರಳ ಹಗ್ಗ ಹಿಡಿದಳು. ಎಮ್ಮೆ ಅವಳ ಕೈಯ ಬೆಣ್ಣೆರೊಟ್ಟಿ ತಿಂದಿತು.

"ಮೇಡಮ್ ಅವ್ರನ್ನ ಕರಕೊಂಬಾ ಮಾಮಾ, ಲಗೂ!"

ಇನಾಂದಾರ ಮೇಡಮ್ ಬಂದರು. ಎಮ್ಮೆಗೆ ಯಂತ್ರ ಹಿಡಿದರು. ಮತ್ತೆ ಹಿಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಹಿಡಿದರು.

"ಇದು ಮುಂಜಾನೆ ಕಳಿಸಿದ್ದ ಬಣ್ಣನ. ಒಂದು ಕೂದಲೆಳಿ ಫರಕಿಲ್ಲ. ಆದ್ರ ಅಡವ್ಯಾಗ ಒಂದ ಇತ್ತಲ್ಲ? ಕೆಡಸ್ಲಿಕ್ಕೆ ಪಕ್ಕದಾಗ ಇನ್ನೊಂದು ಗ್ವಾಡಿ ಇರಲಿಲ್ಲ. ಅದಕ್ಕ ನಿಂತಿರಬೇಕು."

"ಎಲ್ಲಿಂದ ನಿಂದರ್ತಿತ್ರಿ ಯಕ್ಕಾ!" ಎಮ್ಮೆಯ ಹಿಂದೆಯೇ ಬಂದಿದ್ದ ದ್ಯಾಮವ್ವ ನಡುವೆ ಬಾಯಿ ಹಾಕಿದಳು. "ದಿನಾ ಒಂದ ಮೇಯ್ತೈತಿ, ದಿನಾ ಬದನಿಕಾಯಾಗಿ ಬರ್ತೈತಿ. ಇಕಾ, ಈ ಗುಗ್ಗರಿಗೆ ಕೇಳ್ರಿ, ದಿನಾ ನನ್ನ ಬಾಯಾಗಿಂದ ಬೈಸ್ಕೋತಾನ."

ಬೈಸಿಕೊಂಡದ್ದಕ್ಕೆ ನಾನು ಸಾಕ್ಷಿ ಹೇಳಿದೆ. ವಿಜ್ಞಾನದ ಇತಿಹಾಸದಲ್ಲಿ ಬೈಗುಳ ಪುರಾವೆಯಾದದ್ದು ಅದೇ ಮೊದಲಿರಬೇಕು.

"ಹಂಗಾದ್ರ ಇವತ್ತ ಬ್ಯಾರೆ ಏನದ?" ಎಂದರು ಮೇಡಮ್. ಕೇಳುತ್ತಲೇ ಅವರ ಕಣ್ಣು ಎಮ್ಮೆಯ ಗಲ್ಲಕ್ಕೆ ಹೋಯಿತು. ನಮ್ಮೆಲ್ಲರದ್ದೂ ಹೋಯಿತು. ಎಮ್ಮೆ ನಾಚಲಿಲ್ಲ.

ಮೊದಲು ಬಿಡಿಸಿ ಹೇಳಿದವಳು ಶಾಲ್ಮಲಾ. "ಕಪ್ಪು ಅಂದ್ರ ಕಾಳು ಪೂರಾ ಆರಿರತೈತ್ರಿ ಮೇಡಮ್. ಆರಿದ್ದಕ್ಕ ಮರಿಯಾಕ ಏನೂ ಇಲ್ಲ, ಪಕ್ಕದವರನ್ನ ಕೇಳೂ ಪಾಳೇನೂ ಇಲ್ಲ. ಉಳಿದ ಕಾಳಿಗೆ ದಾರಿ ತಪ್ಪಿದ್ರ ಅದನ್ನ ನೋಡಿ, ನಾ ಅದಕ್ಕಿಂತ ಇಷ್ಟ ಬೆಳ್ಳಗ ಇದ್ದೆ ಅಂತ ತನ್ನ ಬಣ್ಣಾ ತಾನ ಹುಡಿಕ್ಕೋತೈತಿ. ಅಡ್ಯಾಡಿ ಬಂದವರಿಗೆ ಅಗಸಿ ಕಂಡಂಗ."

ಮೇಡಮ್ ಎಮ್ಮೆಯ ಬೊಟ್ಟಿಗೂ ಒಮ್ಮೆ ಯಂತ್ರ ಹಿಡಿದರು. ಊರಿಗೆ ಊರೇ ಸುತ್ತ ನೆರೆದಿತ್ತು. ಅಧ್ಯಕ್ಷರು ಕಾರಿನಿಂದಿಳಿದು ಕೈಕಟ್ಟಿ ನಿಂತಿದ್ದರು.

"ನಿಯಮ ಏನದ?" ಮೇಡಮ್ ತಮಗೆ ತಾವೇ ಹೇಳಿಕೊಂಡರು. "ಮುಂಜಾನಿಂದ ದೀಪಾ ಹಚ್ಚೂ ತನಕ. ಇವತ್ತಿನ ಮುಂಜಾನೆನ ಆಗಬೇಕಂತ ಎಲ್ಲೂ ಬರದಿಲ್ಲ." ಆಮೇಲೆ ಪರ್ಸಿನಿಂದ ಮೌಸು ತೆಗೆದು ಶಾಲ್ಮಲಾಳ ಕೈಗಿಟ್ಟರು. "ನಾಳೆ ನೋಡೋಣ."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾಲ್ಮಲಾ ಕಲಿತ ಹುಡುಗಿ. ಆಯಿಯ ಸೊಟ್ಟ ಬೊಟ್ಟು ಅವಳ ಕಣ್ಣಿಗೆ ಹಿಡಿಸಲಿಲ್ಲ. ಟೂಲಿನಲ್ಲಿ ಹೊಸದೊಂದು ಬೊಟ್ಟು ಬರೆದಳು. ಅಚ್ಚುಕಟ್ಟು, ದುಂಡಗೆ, ನಾಣ್ಯದಂತೆ. ಅದನ್ನು ತಾಯಿಡಬ್ಬಿಗೆ ಹಾಕಿ ಊರಿಗೆ ಬಿಟ್ಟಳು.

ಬಣ್ಣ ನಿಂತಿತು. ಒಂದು ಗಳಿಗೆಯ ಮೇಲೆ ಬೇರೆಯದೇ ಶುರುವಾಯಿತು. ಚಹಾದಂಗಡಿಯ ಬೋರ್ಡು ತಲೆಕೆಳಗಾಯಿತು. ಆಮೇಲೆ ಔಷಧದಂಗಡಿಯದ್ದು. ಬಸ್ಸಿನ ಹೆಸರು ತಲೆಕೆಳಗಾಗಿ, ಹತ್ತುವವರು ಬಾಗಿ, ಕಾಲ ಸಂದಿಯಿಂದ ನೋಡಿ, "ಗದಗ ಐತಿ, ಏರ್ರಿ" ಎಂದು ಒಬ್ಬರಿಗೊಬ್ಬರು ಹೇಳುವಂತಾಯಿತು. ಕಾಳುಗಳು ಈಗ ಎಲ್ಲದಕ್ಕೂ ಬೊಟ್ಟನ್ನೇ ನೋಡುತ್ತಿದ್ದವು. ಬೊಟ್ಟು ಪೂರಾ ದುಂಡಗಿದ್ದರೆ ಅದಕ್ಕೆ ಮೇಲು ಯಾವುದು, ಕೆಳಗು ಯಾವುದು? ಕಾಳುಗಳಿಗೆ ತಮ್ಮ ಬಣ್ಣ ನೆನಪಾಗಿತ್ತು, ತಾವು ನಿಂತಿದ್ದೇವೋ ಶೀರ್ಷಾಸನ ಹಾಕಿದ್ದೇವೋ ಎಂಬುದು ತಿಳಿಯದಾಗಿತ್ತು.

"ಸೊಟ್ಟನ ಬೇಕು" ಎಂದರು ಇನಾಂದಾರ ಮೇಡಮ್.

ಶಾಲ್ಮಲಾ ಬೇಕೆಂದೇ ಸೊಟ್ಟ ಬರೆದು ನೋಡಿದಳು. ನಾನೂ ಬರೆದೆ. ಮೇಡಮ್ ಕೂಡ ಸೀರೆಯ ನೆರಿಗೆ ಸರಿಮಾಡಿಕೊಂಡು ಒಂದು ಬರೆದರು. ಕಲಿತವರಿಗೆ ಸೊಟ್ಟ ಬರೆಯುವುದು ಎಷ್ಟು ಕಷ್ಟವೆಂದರೆ, ನಮ್ಮ ಸೊಟ್ಟವೂ ಅಳತೆ ಮಾಡಿದಂತೆ ಬರುತ್ತಿತ್ತು. ಶಾಲ್ಮಲಾಳದ್ದಕ್ಕೆ ಬೋರ್ಡುಗಳು ಅಡ್ಡ ಮಲಗಿದವು, ಮೇಡಮ್ ಅವರದ್ದಕ್ಕೆ ಓರೆಯಾಗಿ ನಿಂತವು. ನನ್ನದಕ್ಕೆ ಏನಾಯಿತೆಂಬುದನ್ನು ಚಹಾದಂಗಡಿಯವನು ಇನ್ನೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಆಯಿಯ ಹತ್ತಿರ ಹೋಗದೆ ದಾರಿಯಿರಲಿಲ್ಲ. ಆಯಿ ಕ್ಯಾರೇ ಅನ್ನಲಿಲ್ಲ.

"ನನ್ನ ಯಾಕ ಕೇಳ್ತೀರಿ? ನಿಮ್ಮ ಮಿಶಿನ್ನಿಗೆ ಕೇಳ್ರಿ."

"ಆಯಿ, ತಪ್ಪಾತು ಅಂದ್ನಲ್ಲ" ಎಂದಳು ಶಾಲ್ಮಲಾ.

"ಒರಸೂ ಮುಂದ ಓಡಣಿ. ಬೇಕಾದ ಕೂಡ್ಲೆ ಆಯಿ!"

ಆಗ ಇನಾಂದಾರ ಮೇಡಮ್ ಚಾಪೆಯ ಮೇಲೆ, ಆಯಿಯ ಎದುರು, ನೆರಿಗೆಯ ಚಿಂತೆ ಬಿಟ್ಟು ಕೂತರು. "ಆಯೀ, ನೊಣಾ ಕೂತಂಗ ಅದ ಅಂದಾಕಿ ನಾನು. ಒರಸ್ರಿ ಅಂದಾಕಿನೂ ನಾನ. ಈ ಹುಡುಗೀದೇನು ತಪ್ಪಿಲ್ಲ. ಈ ಬಣ್ಣಾ ನಾ ಮಾಡಿದ್ದು, ನನ್ನ ಕೂಸಿದ್ದಂಗ. ಅದಕ್ಕ ಮರಿವು ಅಂತ ಎಲ್ಲಾರೂ ಆಡಿಕೊಳ್ಳೂ ಮುಂದ ನನಗ ಹ್ಯಾಂಗಾಗ್ತದ ಹೇಳ್ರಿ."

ಆಯಿ ಅವರನ್ನು ದಿಟ್ಟಿಸಿ ನೋಡಿದರು. "ಕೂಸು ಅಂತ ಮೊದಲ ಹೇಳಬಾರದೇನ ಬೇ?" ಎನ್ನುತ್ತ ಮೊಣಕಾಲ ಮೇಲೆ ಕೈಯೂರಿ ಎದ್ದರು.

ಮಿಲ್ಲು ಕಟ್ಟಿದವನ ಅವ್ವನನ್ನು ಮತ್ತೊಮ್ಮೆ ನೆನೆಯುತ್ತ ಆಯಿ ಮೆಟ್ಟಿಲು ಹತ್ತಿದರು. ಸ್ಕ್ರೀನಿನ ಮುಂದೆ ನಿಂತು ಊರನ್ನು ಮೇಲಿಂದ ಕೆಳಗೆ ನೋಡಿದರು. ಹೆಬ್ಬೆರಳಿಂದ ಕಣ್ಣಂಚು ಮುಟ್ಟಿದರು. ಎಡಗಡೆ, ಕೆಳಗೆ, ಒತ್ತಿ, ತುಸು ಎಳೆದರು. ಶಾಲ್ಮಲಾ ಈ ಸಲ ಗಾಜನ್ನು ಒರೆಸಲಿಲ್ಲ.

ಮರುದಿನ ಬೆಳಿಗ್ಗೆ ಊರು ಬೊಟ್ಟಿಟ್ಟುಕೊಂಡು ಎದ್ದಿತು. ಮೌಸು ಮತ್ತೆ ಪರ್ಸಿಗೆ ಹೋಯಿತು. ಅವತ್ತು ಅರಳಿಗಟ್ಟಿಯಲ್ಲಿ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ಎಲ್ಲರೂ ಕಟ್ಟೆಯ ಮೇಲೆ ಕೂತು ಗೋಡೆ ನೋಡಿದರು. ಗೋಡೆ ನೋಡುವುದು ಒಂದು ಕೆಲಸವೇ ಎಂದು ನೀವು ಕೇಳಬಹುದು. ಬೂದಿಯಾಗಲಿರುವ ಗೋಡೆಯನ್ನು ನೀವು ನೋಡಿಲ್ಲ. ಹೊತ್ತೇರಿತು, ಕುಸುಬೆ ಕುಸುಬೆಯಾಗೇ ಉಳಿಯಿತು. ಹೊತ್ತಿಳಿಯಿತು, ಸಾಲಿ ಅಗಸೆ ಹೂವಾಗೇ ಇತ್ತು. ಬೋರ್ಡುಗಳು ಕಾಲ ಮೇಲೆ ನಿಂತಿದ್ದವು. ಅಗಸಿ ಓಣಿಯ ಅತ್ತೆ ಸೊಸೆ ಇಬ್ಬರೂ, ಪರೀಕ್ಷೆಗೆ ಅಡ್ಡಿಯಾದೀತೆಂದು ಫೋನುಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು.

ಆಯಿ ದೇವರ ಮುಂದೆ ದೀಪ ಹಚ್ಚಿದರು. ಇನಾಂದಾರ ಮೇಡಮ್ ಕೊನೆಯ ಗೋಡೆಗೆ ಯಂತ್ರ ಹಿಡಿದು, ಓದಿ, ಶಾಲ್ಮಲಾಳ ಕಡೆ ತಿರುಗಿದರು.

"ಏನ್ ನೋಡ್ತೀ? ನಾಳಿಂದ ಕೆಲಸಕ್ಕ ಹಾಜರಾಗು."

ಆಮೇಲೆ ಎದ್ದ ಗದ್ದಲವನ್ನು ನಾನು ಬರೆಯಲಾರೆ. ಡೊಳ್ಳು ಬಂತು. ಅಧ್ಯಕ್ಷರು ಕಾರಿನ ಬಾನೆಟ್ಟಿನ ಪಕ್ಕ, ಬೊಟ್ಟು ಕಾಣುವಂತೆ ನಿಂತು ಭಾಷಣ ಮಾಡಿದರು. "ನಮ್ಮ ಹಿರ್ಯಾರು ಸುಮ್ ಸುಮ್ನ ಏನೂ ಮಾಡಿಲ್ಲ! ಈ ವಿಜ್ಞಾನ ಎಲ್ಲಾ ಅವರಿಗೆ ಮೊದಲ ಗೊತ್ತಿತ್ತು! ಏನ್ ಆಯಿ, ಹೌದಲ್ಲ?"

"ನನಗೇನ್ ಗೊತ್ತೋ ಬಾಬಾಜಾನ?" ಎಂದರು ಆಯಿ. "ಚಂದ ಕಂಡಿತು, ಹಚ್ಚಿದೆ."

ಚಪ್ಪಾಳೆ ಬಿದ್ದದ್ದು ಈ ಮಾತಿಗೆ. ಅಧ್ಯಕ್ಷರು ತಮ್ಮ ಭಾಷಣಕ್ಕೆಂದು ತಿಳಿದು ಕೈಮುಗಿದರು.

ಜೀಪು ಹೊರಡುವ ಹೊತ್ತಿಗೆ ಆಯಿ ಕಿಟಕಿಯೊಳಗೆ ಕೈ ಹಾಕಿ ಇನಾಂದಾರ ಮೇಡಮ್ ಅವರ ಎಡಗಲ್ಲಕ್ಕೆ ಒಂದು ಬೊಟ್ಟಿಟ್ಟರು. "ಮನಿ ಮುಟ್ಟೂತನಕ ಒರಸಬ್ಯಾಡ." ಮೇಡಮ್ ಒರೆಸಲಿಲ್ಲ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರೆಂದು ಡ್ರೈವರ್ ಆಮೇಲೆ ಹೇಳಿದ. ನಾನೂ ಗಲ್ಲ ಮುಂದೆ ಮಾಡಿದೆ.

"ನಿನಗೇನ್ ಬ್ಯಾಡ" ಎಂದರು ಆಯಿ. "ನಿನಗ ಯಾರ ದೃಷ್ಟಿನೂ ತಾಗಂಗಿಲ್ಲ."

ಆದರೆ ಆ ಸಂಜೆ ನನ್ನ ರೊಟ್ಟಿಗೂ ಬೆಣ್ಣೆ ಬಿತ್ತು.

ಸಂಸ್ಥೆಯವರು ಈಗ ಆ ಬೊಟ್ಟನ್ನೇ ಎಲ್ಲ ಊರುಗಳ ತಾಯಿಡಬ್ಬಿಗೂ ಜೋಡಿಸಿದ್ದಾರೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟಿದ್ದಾರಂತೆ. ಶಾಲ್ಮಲಾಳ ಟೂಲಿನಲ್ಲಿ ಮಾತ್ರ ಆ ವೇರಿಯಬಲ್ಲಿನ ಹೆಸರು ಇಂದಿಗೂ 'ಆಯಿ'. ಅದಕ್ಕೆ ಬೀಗ ಹಾಕಿದ್ದಾಳೆ, ನಾನೂ ಮುಟ್ಟುವಂತಿಲ್ಲ. ಬಣ್ಣ ಊರಿಂದೂರಿಗೆ ಹಬ್ಬುತ್ತಿದೆ. ಗೋಡೆ ಮುಗಿದು ಈಗ ಫೋನು, ಟೀವಿಗಳ ಗಾಜಿಗೂ ಬಳಿಯುತ್ತಿದ್ದಾರೆಂದು ಕೇಳಿದ್ದೇನೆ.

ಅದಕ್ಕೇ ಹೇಳುವುದು. ನಿಮ್ಮ ಸ್ಕ್ರೀನಿನ ಎಡಗಡೆ, ಕೆಳಗೆ, ತುಸು ಸೊಟ್ಟಗೆ ಒಂದು ಕಪ್ಪು ಚುಕ್ಕೆ ಕಂಡರೆ, ಧೂಳೆಂದು ತಿಳಿದು ಅಂಗಿಯ ತುದಿಯಿಂದ ಒರೆಸಲು ಹೊರಡಬೇಡಿ. ಆಯಿಗೆ ಸಿಟ್ಟು ಬರುತ್ತದೆ. ಎಮ್ಮೆ ಮತ್ತೆ ಬದನೆಕಾಯಿಯಾದರೆ ದ್ಯಾಮವ್ವ ಬೈಯುವುದು ನಿಮ್ಮನ್ನಲ್ಲ, ನನ್ನನ್ನು.